ಅಪ್ಪ ಕಾಲು ಇಳಿಬಿಟ್ಟು ಮಲಗುತ್ತಿದ್ದರು

14 ಮಾರ್ಚ್ 2025, ಶುಕ್ರವಾರ ರಾತ್ರಿ

ಆಸ್ಪತ್ರೆಯ ವಾರ್ಡಿನ ಹೊರಗೆ ಕೂತು ಫೋನಿನಲ್ಲೇ ಬರೆಯುತ್ತಿದ್ದೇನೆ, ತಪ್ಪಿದ್ದರೆ ಸರಿಮಾಡಿಕೊಂಡು ಓದಿ. ಅಪ್ಪನ ಕಾಲಿಗೆ ಆಂಜಿಯೋಪ್ಲಾಸ್ಟಿ, ಅಂದರೆ ಮುಚ್ಚಿಹೋದ ರಕ್ತನಾಳವನ್ನು ಒಳಗಿಂದಲೇ ತೆರೆಯುವ ಚಿಕಿತ್ಸೆ, ಆಯಿತು. ಆರು ಗಂಟೆ ಕಾಲ ಬಲಗಾಲು ಮಡಿಸದೆ ನೇರವಾಗಿ ಮಲಗಿರಬೇಕಂತೆ. "ಇನ್ನೂ ಎಷ್ಟು ಹೊತ್ತು?" ಅಂತ ಇಷ್ಟರಲ್ಲೇ ಹತ್ತು ಸಲ ಕೇಳಿದ್ದಾರೆ.

ಮೂರು ತಿಂಗಳಿಂದ ಹೆಬ್ಬೆರಳಿನ ಗಾಯ ಒಣಗಿರಲಿಲ್ಲ. ಶುಗರ್ ಇದೆಯಲ್ಲ, ನಿಧಾನ ಆಗುತ್ತೆ ಅಂತ ನಾವೂ ಅಂದುಕೊಂಡೆವು, ಡ್ರೆಸ್ಸಿಂಗ್ ಮಾಡುತ್ತಿದ್ದವರೂ ಅಂದುಕೊಂಡರು. ಆಂಟಿಬಯಾಟಿಕ್ ಎರಡು ಸಲ ಬದಲಾಯಿತು. ಪಾದದ ನಾಡಿಯನ್ನು ಮಾತ್ರ ಯಾರೂ ಮುಟ್ಟಿ ನೋಡಲಿಲ್ಲ. ಆಮೇಲೆ ಒಬ್ಬರು ಬೆರಳೇ ತೆಗೆದುಬಿಡೋಣ ಅಂದರು, ಅಪ್ಪ ಎದ್ದು ಬಂದುಬಿಟ್ಟರು.

ಅದಕ್ಕೂ ಮುಂಚಿನಿಂದ ಅಪ್ಪ ಮಂಚದಿಂದ ಒಂದು ಕಾಲು ಇಳಿಬಿಟ್ಟು ಮಲಗುತ್ತಿದ್ದರು. ಹಾಗಿದ್ದರೆ ನೋವು ಕಮ್ಮಿ ಅನ್ನುತ್ತಿದ್ದರು. ನಾನು ಎಷ್ಟೋ ರಾತ್ರಿ ಆ ಕಾಲನ್ನು ಮೆಲ್ಲಗೆ ಎತ್ತಿ ಹಾಸಿಗೆ ಮೇಲಿಟ್ಟು ಹೊದಿಸಿ ಬಂದಿದ್ದೇನೆ. ಕಾಲಿನ ರಕ್ತನಾಳ ಮುಚ್ಚಿಕೊಂಡಾಗ ಕಾಲು ಕೆಳಗಿದ್ದರೆ ಭೂಮಿಯ ಸೆಳೆತಕ್ಕಾದರೂ ಒಂದಿಷ್ಟು ರಕ್ತ ಪಾದಕ್ಕೆ ಇಳಿಯುತ್ತದೆ, ಅದಕ್ಕೇ ನೋವು ತಗ್ಗುತ್ತದೆ ಅಂತ ಈ ಆಸ್ಪತ್ರೆಯ ಡಾಕ್ಟರ್ ಹೇಳಿದಾಗ ನನಗೆ ಮಾತೇ ಬರಲಿಲ್ಲ. ಪ್ರೀತಿಯಿಂದಲೇ ನೋವು ಕೊಟ್ಟಿದ್ದೆ.

ಮೊದಲು ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡಿದರು. 0.9ಕ್ಕಿಂತ ಕಮ್ಮಿ ಬಂದರೆ ಬ್ಲಾಕ್ ಇದೆ ಅಂತ ಅರ್ಥ. ಅಪ್ಪನಿಗೆ ಬಂದದ್ದು 1.4ಕ್ಕಿಂತ ಜಾಸ್ತಿ. ಒಳ್ಳೇದೇ ಅಲ್ವಾ ಅಂದೆ. ಅಲ್ಲವಂತೆ. ತುಂಬಾ ವರ್ಷ ಶುಗರ್ ಇದ್ದವರ ನಾಳದಲ್ಲಿ ಕ್ಯಾಲ್ಸಿಯಂ ಕಟ್ಟಿ ಗೋಡೆ ಗಟ್ಟಿಯಾಗಿರುತ್ತದೆ, ಬಿಪಿ ಪಟ್ಟಿ ಎಷ್ಟು ಬಿಗಿದರೂ ನಾಳ ಅದುಮಿಕೊಳ್ಳುವುದಿಲ್ಲ, ಹಾಗಾಗಿ ಸುಳ್ಳು ನಂಬರ್ ಬರುತ್ತದೆ. ಗಾಯದ ಪಕ್ಕದ ಕಾಲ್ಬೆರಳಿನ ಬಿಪಿ ಅಳೆದರೆ 30 ಕೂಡ ಇರಲಿಲ್ಲ. ಅಷ್ಟರಲ್ಲಿ ಗಾಯ ತಾನಾಗಿ ವಾಸಿಯಾಗುವುದು ಕಷ್ಟ.

ಮೊಣಕಾಲಿನ ಕೆಳಗೆ ಮುಖ್ಯವಾಗಿ ಮೂರು ನಾಳ, ಒಂದೊಂದೂ ಎರಡು ಮೂರು ಮಿಲಿಮೀಟರ್ ಅಗಲ ಅಷ್ಟೇ. ಅಪ್ಪನಿಗೆ ಎರಡು ಪೂರ್ತಿ ಬಂದ್. ತೊಡೆಸಂದಿನಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ಚುಚ್ಚಿ, ತೀರಾ ತೆಳ್ಳಗಿನ ತಂತಿ ಇಳಿಸಿದರು. ಮೇಲಿಂದ ದಾರಿ ಸಿಗಲೇ ಇಲ್ಲ. ಕೊನೆಗೆ ಪಾದದ ನಾಳಕ್ಕೇ ಇನ್ನೊಂದು ಸೂಜಿ ಹಾಕಿ ಕೆಳಗಿಂದ ಮೇಲಕ್ಕೆ ತಂತಿ ತಳ್ಳಿ ದಾರಿ ಮಾಡಿದರಂತೆ. ಆಮೇಲೆ ಉದ್ದನೆಯ ಸಣ್ಣ ಬಲೂನ್ ಇಳಿಸಿ ಕೆಲವು ನಿಮಿಷ ಉಬ್ಬಿಸಿ ಹಿಡಿದರು. ಅಪ್ಪನಿಗೆ ಎಚ್ಚರವೇ ಇತ್ತು. "ಮೀನಖಂಡ ಯಾರೋ ಹಿಂಡಿದ ಹಾಗಾಯ್ತು, ಆಮೇಲೆ ಪಾದ ಬಿಸಿ ಬಿಸಿ" ಅಂದರು.

ಸ್ಟೆಂಟ್, ಅಂದರೆ ನಾಳ ಮತ್ತೆ ಮುಚ್ಚದಂತೆ ಒಳಗೇ ಬಿಡುವ ಜಾಲರಿಯ ಕೊಳವೆ, ಹಾಕಿಲ್ಲ. ಇಷ್ಟು ಸಣ್ಣ ನಾಳದಲ್ಲಿ ಲೋಹದ ಸ್ಟೆಂಟ್ ಸಾಮಾನ್ಯವಾಗಿ ಬಿಡುವುದಿಲ್ಲವಂತೆ. ತಾನಾಗಿ ಕರಗಿಹೋಗುವ ಒಂದು ಬಗೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಒಪ್ಪಿಗೆ ಕೊಟ್ಟಿದೆ, ಅಪ್ಪನಿಗೆ ಅದು ಬೇಕಾಗಲಿಲ್ಲ.

ಕಾಯುವಾಗ ಸುಮ್ನೆ ಓದುತ್ತಿದ್ದೆ. ಈ ಥರ ಒಳಗಿಂದಲೇ ನಾಳ ಅಗಲ ಮಾಡಿದ ಮೊದಲ ರೋಗಿ 82 ವರ್ಷದ ಒಬ್ಬ ಅಜ್ಜಿ. 1964ರ ಜನವರಿ 16, ಅಮೆರಿಕದ ಪೋರ್ಟ್‌ಲ್ಯಾಂಡ್. ಕಾಲು ಕತ್ತರಿಸಲು ಆಕೆ ಒಪ್ಪಲೇ ಇಲ್ಲ, ಆಗ ಚಾರ್ಲ್ಸ್ ಡಾಟರ್ ಅನ್ನುವ ಡಾಕ್ಟರ್ ತೊಡೆಯ ನಾಳವನ್ನು ಒಂದರ ಮೇಲೊಂದು ಕೊಳವೆ ತೂರಿಸಿ ಅಗಲ ಮಾಡಿದರು. ಬಲೂನ್ ಬಂದದ್ದು ಇನ್ನೂ ಹತ್ತು ವರ್ಷದ ಮೇಲೆ. ಅಪ್ಪನಿಗೆ ಹೇಳಿದೆ. "ನೋಡಿದ್ಯಾ, ಹಟ ಮಾಡಿದ್ದು ಒಳ್ಳೇದೇ ಆಯ್ತು" ಅಂತ ನಕ್ಕರು.

ಡಾಕ್ಟರ್ ಮಾತ್ರ ಅಷ್ಟು ನಗಲಿಲ್ಲ. ಈ ನಾಳ ಕೆಲವೇ ತಿಂಗಳಲ್ಲಿ ಮತ್ತೆ ಮುಚ್ಚಿಕೊಳ್ಳಬಹುದು, ಗಾಯ ವಾಸಿಯಾಗುವವರೆಗಾದರೂ ತೆರೆದಿದ್ದರೆ ಅದೇ ನಮ್ಮ ಗೆಲುವು ಅಂದರು. ಬ್ಲಾಕ್ ತೆಗೆದರು ಅಂದರೆ ಶಾಶ್ವತ ಅಂತ ನಾನು ಸುಮ್ನೆ ಅಂದುಕೊಂಡಿದ್ದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ತಪ್ಪಿಸಬಾರದು. ಎಕ್ಸ್‌ರೇಯಲ್ಲಿ ನಾಳ ಕಾಣಲಿ ಅಂತ ಡೈ ಕೊಟ್ಟಿರುವುದರಿಂದ ಎರಡು ದಿನ ಬಿಟ್ಟು ಕಿಡ್ನಿ ಪರೀಕ್ಷೆಯೂ ಮಾಡಿಸಬೇಕು.

ಈಗಷ್ಟೇ ಒಳಗೆ ಹೋಗಿ ನೋಡಿ ಬಂದೆ. ಕಾಲು ಹಾಸಿಗೆ ಮೇಲೇ ಇದೆ. ಇಳಿಸಬಾರದು ಅಂದಿದ್ದಕ್ಕೋ, ನೋವಿಲ್ಲ ಅಂತಲೋ ಗೊತ್ತಿಲ್ಲ, ಕೇಳೋಣ ಅಂದರೆ ಗೊರಕೆ ಹೊಡೆಯುತ್ತಿದ್ದಾರೆ.