ಚಲನೆ ಕೆತ್ತಿದ ಒಡಲು

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬಂಗಡೆಯೂ ನಂಗೂ ಅಕ್ಕಪಕ್ಕದ ಬುಟ್ಟಿಗಳಲ್ಲಿ ಮಾರಾಟಕ್ಕಿರುತ್ತವೆ. ಎರಡನ್ನೂ ಕೊಯ್ದು ನೋಡಿದರೆ, ಬಂಗಡೆಯ ಪಕ್ಕೆಯುದ್ದಕ್ಕೂ ಚರ್ಮದ ಅಡಿಯಲ್ಲಿ ಕಡುಗೆಂಪು ಮಾಂಸದ ಒಂದು ಪಟ್ಟಿ ಹಾದುಹೋಗಿರುತ್ತದೆ. ನಂಗಿನ ಮಾಂಸವಾದರೋ ಬಹುತೇಕ ಬಿಳಿ. ಸಾರಿನಲ್ಲಿ ಈ ಎರಡರ ರುಚಿ ಬೇರೆಯೆಂಬುದು ಕರಾವಳಿಯ ಎಲ್ಲ ಅಡುಗೆಮನೆಗಳಿಗೂ ತಿಳಿದ ಸಂಗತಿ. ಆ ವ್ಯತ್ಯಾಸದ ಬೇರು ಇರುವುದು ಅವು ಜೀವಂತವಿದ್ದಾಗ ಚಲಿಸುತ್ತಿದ್ದ ರೀತಿಯಲ್ಲಿ. ಬಂಗಡೆ ಗುಂಪುಗೂಡಿ ಬಿಡುವಿಲ್ಲದೆ ಈಜುವ ಮೀನು. ದಣಿಯದೆ ದುಡಿಯಬೇಕಾದ ಸ್ನಾಯುವಿಗೆ ಆಮ್ಲಜನಕ ನಿರಂತರವಾಗಿ ದೊರೆಯಬೇಕು. ಅದನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನೇ ಆ ಕೆಂಪಿಗೆ ಕಾರಣ. ನಂಗು ದಿನದ ಬಹುಭಾಗ ಸಮುದ್ರತಳದ ಮರಳಿಗೆ ಮೈಯಾನಿಸಿ ಮಲಗಿರುತ್ತದೆ, ಅಪಾಯ ಬಂದಾಗ ಮಾತ್ರ ಒಮ್ಮೆಲೇ ಚಿಮ್ಮುತ್ತದೆ. ಅಂಥ ಕ್ಷಣಿಕ ರಭಸಕ್ಕೆ ಬಿಳಿ ಸ್ನಾಯುವೇ ಸಾಕು, ಏಕೆಂದರೆ ಅದು ಸ್ವಲ್ಪ ಹೊತ್ತು ಆಮ್ಲಜನಕದ ಹಂಗಿಲ್ಲದೆ ಕೆಲಸ ಮಾಡಬಲ್ಲದು.

ನಂಗಿನ ತಲೆಬುರುಡೆ ಇನ್ನೂ ವಿಚಿತ್ರ. ಮೊಟ್ಟೆಯಿಂದ ಹೊರಬಂದ ಮರಿ ಉಳಿದೆಲ್ಲ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ. ಅದಕ್ಕೆ ಎಡಕ್ಕೊಂದು, ಬಲಕ್ಕೊಂದು ಕಣ್ಣು. ಬೆಳೆಯುತ್ತ ಅದು ಒಂದು ಮಗ್ಗುಲಿಗೆ ವಾಲಲು ಸಿದ್ಧವಾಗುವ ಹೊತ್ತಿಗೆ, ಬಲಗಣ್ಣು ನೆತ್ತಿಯನ್ನು ದಾಟಿ ಎಡಬದಿಗೆ ಸರಿಯುತ್ತದೆ. ಬುರುಡೆಯ ಎಲುಬುಗಳೂ ಅದರೊಂದಿಗೆ ತಿರುಚಿಕೊಳ್ಳುತ್ತವೆ. ಓಡಾಟದ ಬದಲು ಮಲಗಿ ಬದುಕುವ ದಾರಿ ಹಿಡಿದ ಪ್ರಾಣಿಯ ಮುಖವೇ ಬದಲಾಗಬೇಕಾಯಿತು.

ನಮ್ಮ ಪಠ್ಯಪುಸ್ತಕಗಳು ಜೀರ್ಣಕ್ರಿಯೆ, ಉಸಿರಾಟ, ರಕ್ತಪರಿಚಲನೆಗಳನ್ನೆಲ್ಲ ಮುಗಿಸಿದ ಮೇಲೆ ಚಲನೆಗೆ ಒಂದು ಅಧ್ಯಾಯವನ್ನು ಮೀಸಲಿಡುತ್ತವೆ. ಮೊದಲು ದೇಹ ಸಿದ್ಧವಾಯಿತು, ಆಮೇಲೆ ಅದು ನಡೆಯಲು ಕಲಿಯಿತು ಎಂಬ ಭಾವನೆ ಇದರಿಂದ ಮಕ್ಕಳಲ್ಲಿ ಬೇರೂರುತ್ತದೆ. ಆ ಅಧ್ಯಾಯವನ್ನು ಮೊದಲಿಗೇ ಇಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಪ್ರಾಣಿಯ ತಲೆ, ಕಣ್ಣು, ನರ, ಸ್ನಾಯುಗಳೆಲ್ಲ ರೂಪುಗೊಂಡದ್ದು ಎತ್ತ ಹೋಗಬೇಕು, ಹೇಗೆ ಹೋಗಬೇಕು ಎಂಬ ಪ್ರಶ್ನೆಗಳ ಒತ್ತಡದಲ್ಲಿ.

ಈ ಪ್ರಶ್ನೆ ಏಕಕೋಶ ಜೀವಿಗಳಿಗೂ ತಪ್ಪಿದ್ದಲ್ಲ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು. ಅದರ ಮೈಗೆ ಅಂಟಿದ ನೂಲಿನಂಥ ಕಶಾಂಗಗಳನ್ನು ಬುಡದಲ್ಲಿರುವ ಪ್ರೋಟೀನಿನ ಮೋಟಾರುಗಳು ಗರಗರನೆ ತಿರುಗಿಸುತ್ತವೆ. ಒಂದಿಷ್ಟು ದೂರ ನೇರವಾಗಿ ಈಜುವುದು, ಪಲ್ಟಿ ಹೊಡೆದು ದಿಕ್ಕು ಬದಲಿಸುವುದು, ಮತ್ತೆ ಈಜುವುದು, ಇಷ್ಟೇ ಅದರ ವಿದ್ಯೆ. ಆದರೂ ಅದು ಆಹಾರವಿರುವತ್ತ ಸಾಗುತ್ತದೆ. ಅಷ್ಟು ಪುಟ್ಟ ದೇಹದ ಎರಡು ತುದಿಗಳ ನಡುವೆ ಆಹಾರದ ಸಾಂದ್ರತೆಯಲ್ಲಿ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲವಾದ್ದರಿಂದ, ಇದು ಹೇಗೆ ಸಾಧ್ಯ ಎಂಬುದು ಬಹುಕಾಲ ಒಗಟಾಗಿತ್ತು. 1972ರಲ್ಲಿ ರಾಬರ್ಟ್ ಮ್ಯಾಕ್‌ನಾಬ್ ಮತ್ತು ಡೇನಿಯಲ್ ಕೋಶ್‌ಲ್ಯಾಂಡ್ ಇದರ ಬಂಧುವಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಸುತ್ತಲಿನ ದ್ರಾವಣವನ್ನು ಒಮ್ಮೆಲೇ ಬದಲಿಸಿ ನೋಡಿದರು. ಬ್ಯಾಕ್ಟೀರಿಯಾ ಈಗಿನ ಸಾಂದ್ರತೆಯನ್ನು ತುಸು ಹೊತ್ತಿನ ಹಿಂದಿನದರೊಂದಿಗೆ ಹೋಲಿಸುತ್ತದೆ ಎಂಬುದು ಆ ಪ್ರಯೋಗದಿಂದ ತಿಳಿಯಿತು. ಪರಿಸ್ಥಿತಿ ಸುಧಾರಿಸುತ್ತಿದ್ದರೆ ಪಲ್ಟಿ ಕಡಿಮೆ, ಹದಗೆಡುತ್ತಿದ್ದರೆ ಹೆಚ್ಚು. ನರವೇ ಇಲ್ಲದ ಜೀವಿಗೂ ದಾರಿ ಹುಡುಕಲು ಒಂದು ಬಗೆಯ ನೆನಪು ಬೇಕಾಯಿತೆಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ದೊಡ್ಡ ಪ್ರಾಣಿಗಳ ಕಾಲಕ್ಕೆ ಬಂದರೆ, ಸುಮಾರು 57 ಕೋಟಿ ವರ್ಷಗಳ ಹಿಂದಿನ ಈಡಿಯಾಕರನ್ ಯುಗದ ಸಮುದ್ರತಳ ಸೂಕ್ಷ್ಮಜೀವಿಗಳ ದಪ್ಪ ಹಾಸಿನಿಂದ ಮುಚ್ಚಿಹೋಗಿತ್ತು. ಅದರ ಮೇಲೆ ಮೆತ್ತನೆಯ, ಎಲೆಯಂಥ, ತಟ್ಟೆಯಂಥ ಜೀವಿಗಳು ವಾಸಿಸುತ್ತಿದ್ದವು. ಅವುಗಳಲ್ಲಿ ಹಲವು ಇದ್ದಲ್ಲಿಯೇ ಇದ್ದು ಬಾಳು ಮುಗಿಸಿದವು. ಆ ಯುಗ ಮುಗಿದು ಕೇಂಬ್ರಿಯನ್ ಯುಗ ಆರಂಭವಾದ ಗಡಿಯನ್ನು ಭೂವಿಜ್ಞಾನಿಗಳು ಗುರುತಿಸಿರುವುದು ಎಲುಬಿನಿಂದಲೂ ಅಲ್ಲ, ಚಿಪ್ಪಿನಿಂದಲೂ ಅಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಫಾರ್ಚೂನ್ ಹೆಡ್ ಎಂಬಲ್ಲಿನ ಬಂಡೆಯಲ್ಲಿ, ಸುಮಾರು 53.9 ಕೋಟಿ ವರ್ಷಗಳ ಹಿಂದೆ ಹುಳುವಿನಂಥ ಯಾವುದೋ ಪ್ರಾಣಿ ಕೆಸರನ್ನು ಕೊರೆದು ಮುಂದೆ ಸಾಗಿದ ಜಾಡೇ ಆ ಗುರುತು. ಟ್ರೆಪ್ಟಿಕ್ನಸ್ ಪೀಡಮ್ ಎಂಬ ಹೆಸರು ಪಡೆದದ್ದು ಆ ಜಾಡು ಮಾತ್ರ. ಅದನ್ನು ಬಿಟ್ಟುಹೋದ ದೇಹ ಸಿಕ್ಕಿಲ್ಲ.

ಕೊರೆಯುವ ಪ್ರಾಣಿಗಳು ಹೆಚ್ಚಿದಂತೆ ಹಳೆಯ ಹಾಸು ಛಿದ್ರವಾಯಿತು. ಕೆಸರಿನೊಳಕ್ಕೆ ಆಮ್ಲಜನಕ ಇಳಿಯಿತು, ಹಾಸನ್ನೇ ನಂಬಿದ್ದ ಜೀವಿಗಳಿಗೆ ನೆಲೆ ತಪ್ಪಿತು. ಒಂದೇ ದಿಕ್ಕಿನಲ್ಲಿ ಮುಂದೆ ಸಾಗುವ ಪ್ರಾಣಿಗೆ ಮುಂತುದಿ, ಹಿಂತುದಿ ಎಂಬ ಭೇದ ಮುಖ್ಯವಾಗುತ್ತದೆ. ಹೊಸದೇನೇ ಎದುರಾದರೂ ಮೊದಲು ಎದುರಾಗುವುದು ಮುಂತುದಿಗೆ. ಹೀಗಾಗಿ ಬಾಯಿ, ಕಣ್ಣು, ಮೂಸುವ ಅಂಗಗಳು ಅಲ್ಲಿ ನೆರೆದವು. ಅವು ತರುವ ಸುದ್ದಿಯನ್ನು ಅಲ್ಲಿಯೇ ವಿಚಾರಿಸಿಕೊಳ್ಳಲು ನರಗಳು ಗಂಟುಕಟ್ಟಿಕೊಂಡವು. ತಲೆ ಹುಟ್ಟಿದ್ದು ಹೀಗೆ. ಎಡ ಬಲಗಳು ಒಂದಕ್ಕೊಂದು ಸರಿಹೊಂದುವ ದೇಹವೂ ನೇರವಾಗಿ ಸಾಗಲು ಅನುಕೂಲವಾದದ್ದೇ.

ಈ ವಾದಕ್ಕೆ ಬಲವಾದ ಸಾಕ್ಷ್ಯ ಸಿಗುವುದು ಚಲನೆಯನ್ನು ಬಿಟ್ಟುಕೊಟ್ಟ ಪ್ರಾಣಿಗಳಲ್ಲಿ. ಕಾರವಾರದ ಬೈತಖೋಲದ ಕಡೆ ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ಕಾಲಿಟ್ಟವರ ಅಂಗಾಲನ್ನು ಗೀರುವ, ದೋಣಿಗಳ ತಳವನ್ನು ಕೆರೆದು ಕೆರೆದು ತೆಗೆಯಬೇಕಾದ ಬಾರ್ನಕಲ್‌ಗಳನ್ನೇ ನೋಡಬಹುದು. ಗಟ್ಟಿ ಸುಣ್ಣದ ಗೂಡಿನಲ್ಲಿರುವ ಇದನ್ನು ಹಿಂದಿನ ವಿಜ್ಞಾನಿಗಳು ಸಿಂಪಿ, ಶಂಖಗಳ ಸಾಲಿಗೆ ಸೇರಿಸಿದ್ದರು. ಐರ್ಲೆಂಡಿನ ಕಾರ್ಕ್ ಊರಿನಲ್ಲಿ ಸೈನ್ಯದ ವೈದ್ಯನಾಗಿದ್ದ ಜಾನ್ ವಾನ್ ಥಾಮ್ಸನ್ ಇದರ ಮರಿಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಮನಿಸಿ, ಇದು ಸಿಗಡಿ ಏಡಿಗಳ ಬಳಗಕ್ಕೆ ಸೇರಿದ್ದೆಂದು 1830ರಲ್ಲಿ ತೋರಿಸಿಕೊಟ್ಟ. ಮರಿಗೆ ಈಜುವ ಕಾಲುಗಳಿವೆ, ಕಣ್ಣಿದೆ. ಕೊನೆಯ ಹಂತದಲ್ಲಿ ಅದು ತಿನ್ನುವುದನ್ನೇ ಬಿಟ್ಟು, ಮೀಸೆಗಳಿಂದ ಬಂಡೆಯನ್ನು ತಡವುತ್ತ ನಡೆದು, ತಕ್ಕ ಜಾಗ ಸಿಕ್ಕೊಡನೆ ಅಂಟು ಸುರಿಸಿ ತಲೆಯನ್ನೇ ಬಂಡೆಗೆ ಬೆಸೆದುಕೊಳ್ಳುತ್ತದೆ. ಆಮೇಲೆ ಆಯುಷ್ಯವಿಡೀ ತಲೆಕೆಳಗು. ಈಜಲು ಬೇಡವಾದ ಕಾಲುಗಳು ಗರಿಗಳಂತಾಗಿ, ಗೂಡಿನಿಂದ ಹೊರಚಾಚಿ ನೀರಿನಲ್ಲಿ ತೇಲುವ ಆಹಾರವನ್ನು ಬಾಚಿಕೊಳ್ಳುತ್ತವೆ.

ಹೀಗೆ ನೆಲೆಗೊಂಡ ಪ್ರಾಣಿ ಸಂಗಾತಿಯನ್ನು ಹುಡುಕಿಕೊಂಡು ಹೋಗಲಾರದು. ಹೆಚ್ಚಿನ ಬಾರ್ನಕಲ್‌ಗಳು ಗಂಡೂ ಹೌದು, ಹೆಣ್ಣೂ ಹೌದು. ನೆರೆಯದನ್ನು ತಲಪಲು ಅವುಗಳಿಗಿರುವ ಶಿಶ್ನ ದೇಹದ ಹಲವು ಪಟ್ಟು ಉದ್ದಕ್ಕೆ ಚಾಚಬಲ್ಲದು. ನಡೆದು ಕ್ರಮಿಸಲಾಗದ ದೂರವನ್ನು ಅಂಗವೊಂದು ಬೆಳೆದು ಕ್ರಮಿಸಿದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಈ ಪ್ರಾಣಿಗಳ ಅಧ್ಯಯನದಲ್ಲಿ ಮುಳುಗಿದ್ದ. ಮಹತ್ತಾದ ಸಿದ್ಧಾಂತವನ್ನು ಬದಿಗಿಟ್ಟು ಕ್ಷುಲ್ಲಕವಾದದ್ದರ ಹಿಂದೆ ಬಿದ್ದಿದ್ದನೆಂದು ಈ ವರ್ಷಗಳ ಬಗ್ಗೆ ಕೆಲವರು ಹೇಳುವುದುಂಟು. ಒಂದೇ ಅಂಗ ಹೊಸ ಬದುಕಿಗೆ ತಕ್ಕಂತೆ ಎಷ್ಟು ದೂರ ಬದಲಾಗಬಲ್ಲದೆಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪ್ರಾಣಿ ಅವನಿಗೆ ಸಿಗುತ್ತಿರಲಿಲ್ಲವೆಂದು ನನಗನ್ನಿಸುತ್ತದೆ.

ಬಂಡೆಗಳಿಗೂ ಬಂದರಿನ ಕಂಬಗಳಿಗೂ ಅಂಟಿಕೊಳ್ಳುವ ಇನ್ನೊಂದು ಪ್ರಾಣಿ ಸಮುದ್ರಚಿಲುಮೆ. ಮುಟ್ಟಿದರೆ ನೀರು ಚಿಮ್ಮಿಸುವ ಮೆತ್ತನೆಯ ಚೀಲವದು. ರಷ್ಯಾದ ಅಲೆಕ್ಸಾಂಡರ್ ಕೊವಾಲೆವ್‌ಸ್ಕಿ 1866ರಲ್ಲಿ ಅದರ ಮರಿಯನ್ನು ವರ್ಣಿಸಿದಾಗ, ಅದಕ್ಕೆ ಬಾಲವೂ, ಬೆನ್ನುಮೂಳೆಯ ಪೂರ್ವರೂಪದಂಥ ಕಂಬವೂ, ಅದರ ಮೇಲೆ ನರದ ಹುರಿಯೂ ಇರುವುದು ತಿಳಿದು, ಈ ಚೀಲ ಕಶೇರುಕಗಳಾದ ನಮಗೆ ನಂಟನೆಂದು ಗೊತ್ತಾಯಿತು. ಮರಿ ಬಂಡೆಗೆ ಅಂಟಿದೊಡನೆ ಬಾಲವನ್ನೂ ಕಣ್ಣನ್ನೂ ನರದ ಹುರಿಯ ಬಹುಭಾಗವನ್ನೂ ಕರಗಿಸಿಕೊಳ್ಳುತ್ತದೆ. ನೆಲೆ ಸಿಕ್ಕಿದ ಮೇಲೆ ಅದು ತನ್ನ ಮಿದುಳನ್ನೇ ತಿನ್ನುತ್ತದೆಂಬ ತಮಾಷೆಯ ಮಾತು ಬಹಳ ಪ್ರಚಾರದಲ್ಲಿದೆ. ಅದು ಉತ್ಪ್ರೇಕ್ಷೆ, ಬೆಳೆದ ಪ್ರಾಣಿಯಲ್ಲೂ ಸಣ್ಣದೊಂದು ನರಗ್ರಂಥಿ ಇರುತ್ತದೆ. ದಾರಿ ಹುಡುಕಲು ಬೇಕಾಗಿದ್ದ ಸಲಕರಣೆ ಹೋಗಿ, ನೀರನ್ನು ಹೀರಲು ಹೊರಹಾಕಲು ಬೇಕಾದಷ್ಟು ಉಳಿಯುತ್ತದೆ. ಇದನ್ನು ಅವನತಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ನರ ತುಂಬ ಶಕ್ತಿಯನ್ನು ಬೇಡುವ ಅಂಗ. ಬಳಕೆಯಿಲ್ಲದೆಡೆ ಅದನ್ನು ಸಾಕುವುದು ನಷ್ಟ. ಒಂದು ಮಾತು ಮಾತ್ರ ಗಮನಾರ್ಹ: ಬಾರ್ನಕಲ್ ಆಗಲಿ, ಸಮುದ್ರಚಿಲುಮೆಯಾಗಲಿ, ಅಘನಾಶಿನಿಯ ಅಳಿವೆಯ ಸಿಂಪಿಗಳಾಗಲಿ, ಮರಿಗಳನ್ನು ಮಾತ್ರ ಅಲೆಯಲು ಬಿಟ್ಟಿವೆ. ಎಲ್ಲ ಹಂತಗಳಲ್ಲೂ ನಿಶ್ಚಲವಾಗಿದ್ದರೆ ಸಂತಾನ ಅದೇ ಬಂಡೆಯ ಮೇಲೆ ಜಾಗವಿಲ್ಲದೆ ಮುಗಿದುಹೋಗುತ್ತಿತ್ತು.

ಕಾಳಿ ನದಿ ಕಡಲು ಸೇರುವೆಡೆಯ ಕಾಂಡ್ಲಾ ಗಿಡಗಳ ನಡುವಿನ ಕೆಸರಿನಲ್ಲಿ ಮಡ್‌ಸ್ಕಿಪ್ಪರ್ ಮೀನುಗಳು ಎದೆಯ ಈಜುರೆಕ್ಕೆಗಳನ್ನು ಊರುಗೋಲಿನಂತೆ ಊರಿ ತೆವಳುತ್ತವೆ. ನಾಲ್ಕು ಕಾಲಿನ ಪ್ರಾಣಿಗಳ ಪೂರ್ವಜ ಇದೇ ಎಂದು ಕೆಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಇದು ಬೇರೆಯೇ ಕವಲಿನ ಮೀನು. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 2004ರಲ್ಲಿ ದೊರೆತ, ಸುಮಾರು 37.5 ಕೋಟಿ ವರ್ಷ ಹಳೆಯದಾದ ಟಿಕ್ಟಾಲಿಕ್ ಎಂಬ ಮೀನಿನ ಪಳೆಯುಳಿಕೆ ಆ ಹಾದಿಗೆ ಹೆಚ್ಚು ಹತ್ತಿರದ್ದು: ಅದರ ಈಜುರೆಕ್ಕೆಯೊಳಗೆ ಮಣಿಕಟ್ಟನ್ನು ಹೋಲುವ ಎಲುಬುಗಳಿವೆ, ತಲೆಯನ್ನು ಭುಜದಿಂದ ಬಿಡಿಸಿದ ಕತ್ತಿದೆ. ಆಳವಿಲ್ಲದ ನೀರಿನಲ್ಲಿ ತಳವನ್ನೊತ್ತಿ ಮೇಲೇಳುವ ಅಭ್ಯಾಸ ಮೊದಲು ಬಂದು, ನೆಲದ ಮೇಲಿನ ನಡಿಗೆ ಆಮೇಲೆ ಬಂದಿತೆಂಬ ಊಹೆಗೆ ಇಂಥ ಎಲುಬುಗಳೇ ಆಧಾರ.

ಘಟ್ಟ ಹತ್ತಿ ಶಿರಸಿಯ ಅಡಿಕೆ ತೋಟಗಳಿಗೆ ಬಂದರೆ ಹಾರುವ ಓತಿಯನ್ನು ಕಾಣಬಹುದು. ಹಕ್ಕಿ ಮುಂಗಾಲನ್ನೇ ರೆಕ್ಕೆಯಾಗಿಸಿಕೊಂಡಿತು, ಬಾವಲಿ ಬೆರಳುಗಳನ್ನು ಉದ್ದವಾಗಿಸಿತು. ಓತಿಯಾದರೋ ಕೆಲವು ಜೊತೆ ಪಕ್ಕೆಲುಬುಗಳನ್ನು ಹೊರಚಾಚಿ ಅವುಗಳ ಮೇಲೆ ಚರ್ಮವನ್ನು ಹರಡಿಕೊಂಡಿದೆ. ಇದರ ಲಾಭವೆಂದರೆ ನಾಲ್ಕೂ ಕಾಲುಗಳು ಮರ ಹತ್ತುವ ಕೆಲಸಕ್ಕೆ ಹಾಗೆಯೇ ಉಳಿದವು. ತೇಲುವಾಗ ಅದು ಮುಂಗಾಲುಗಳಿಂದ ಆ ಚರ್ಮದ ಅಂಚನ್ನು ಹಿಡಿದುಕೊಳ್ಳುತ್ತದೆಂದು ದಕ್ಷಿಣ ಭಾರತದ ಇದೇ ಜಾತಿಯನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅದೇ ತೋಟದ ಮಣ್ಣಿನೊಳಗೆ ಇದಕ್ಕೆ ತದ್ವಿರುದ್ಧವಾದ ಪ್ರಾಣಿಯೂ ಉಂಟು. ಸಿಸಿಲಿಯನ್ ಎಂಬ ಅದು ಕಪ್ಪೆಗಳ ಬಂಧು. ಮಣ್ಣನ್ನು ತಲೆಯಿಂದ ಒತ್ತಿ ಸಾಗುವ ಅದಕ್ಕೆ ಕಾಲುಗಳೇ ಇಲ್ಲ, ಕಣ್ಣು ಹೆಸರಿಗಷ್ಟೆ. ನಮ್ಮ ಜನ ಅದನ್ನು ಹಾವೆಂದು ಹೊಡೆಯುತ್ತಾರೆ, ಇಲ್ಲವೇ ದೊಡ್ಡ ಎರೆಹುಳವೆಂದು ಬಿಡುತ್ತಾರೆ.

ಇನ್ನು ಮರಗಳು. ಅವು ಬೇರೂರಿದ ಮೇಲೆ ಚಲಿಸಲಾರವು, ಹೀಗಾಗಿ ಬೀಜವನ್ನು ಚಲಿಸುವವರ ಕೈಗೆ ಒಪ್ಪಿಸುತ್ತವೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಕಾಡುಜಾಯಿಕಾಯಿಯ ಬಳಗದ ಮರಗಳಿವೆ. ಅದೇ ಬಳಗದ ರಾಮಪತ್ರೆ ಮರದ ಬೀಜವನ್ನು ಸುತ್ತಿದ ಕೆಂಪು ಪತ್ರೆ ನಮ್ಮ ಮಸಾಲೆ ಡಬ್ಬಿಗಳನ್ನು ಸೇರುತ್ತದೆ. ಮರ ಅದನ್ನು ಮಾಡಿಟ್ಟಿರುವುದು ಮಂಗಟ್ಟೆ ಹಕ್ಕಿಗಳಿಗಾಗಿ. ಹಕ್ಕಿ ಬೀಜವನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಅರಗಿಸಿಕೊಂಡು, ಗಟ್ಟಿ ಬೀಜವನ್ನು ಬೇರೆಲ್ಲೋ ಕಕ್ಕುತ್ತದೆ. ಬೀಜದ ಗಾತ್ರಕ್ಕೂ ಹಕ್ಕಿಯ ಬಾಯಿಯ ಅಗಲಕ್ಕೂ ಹೀಗೆ ನಂಟು ಬೆಳೆದಿದೆ. ಆ ನಂಟು ಕಡಿದರೆ ಏನಾಗುತ್ತದೆಂಬುದಕ್ಕೆ ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿಯ ಕಾಡುಗಳಲ್ಲಿ ಒಂದು ಉತ್ತರ ಸಿಕ್ಕಿದೆ. ಟೂಕನ್‌ನಂಥ ದೊಡ್ಡ ಕೊಕ್ಕಿನ ಹಕ್ಕಿಗಳು ಅಳಿದ ಕಡೆಗಳಲ್ಲಿ ಜುಸಾರಾ ಎಂಬ ತಾಳೆಯ ಬೀಜಗಳು, ಆ ಹಕ್ಕಿಗಳು ಉಳಿದ ಕಾಡುಗಳಲ್ಲಿರುವುದಕ್ಕಿಂತ ಚಿಕ್ಕದಾಗಿವೆಯೆಂದು 2013ರಲ್ಲಿ ಮೌರೊ ಗಲೆಟ್ಟಿ ಮತ್ತು ಸಂಗಡಿಗರು ವರದಿ ಮಾಡಿದರು. ದೊಡ್ಡ ಬೀಜವನ್ನು ನುಂಗಬಲ್ಲ ಬಾಯಿ ಅಲ್ಲಿ ಉಳಿದಿಲ್ಲ. ಸಣ್ಣ ಹಕ್ಕಿಗಳು ಒಯ್ಯಬಲ್ಲ ಸಣ್ಣ ಬೀಜಗಳಷ್ಟೇ ತಾಯಿಮರದ ನೆರಳನ್ನು ದಾಟುತ್ತಿವೆ.