ಬುಲ್ಸ್ ಸೋತಾಗ ಪರ್ದೀಪ್‌ನನ್ನು ಬೈದವರಲ್ಲಿ ನಾನೂ ಒಬ್ಬ

2025ರ ಆಗಸ್ಟ್ 29ಕ್ಕೆ ವಿಶಾಖಪಟ್ಟಣದಲ್ಲಿ ಪ್ರೊ ಕಬಡ್ಡಿ 12ನೇ ಸೀಸನ್ ಶುರು. ಮೊದಲ ದಿನವೇ ನಮ್ಮ ಬೆಂಗಳೂರು ಬುಲ್ಸ್‌ಗೆ ಪುಣೇರಿ ಪಲ್ಟನ್ ಎದುರು ಆಟ. ಮದ್ದೂರಿನ ಕಡೆಯಿಂದ ನಮ್ಮ ಸೋದರಮಾವ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ. ಗಣೇಶನ ಹಬ್ಬಕ್ಕೆ ಬರುತ್ತಾರಂತೆ. ಹಬ್ಬ 27ಕ್ಕೆ, ಬುಧವಾರ. ಶನಿವಾರದ ತನಕ ಇರುತ್ತೇನೆ ಅಂದರು. ಶುಕ್ರವಾರ ಏನಿದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

"ಈ ಸಲನಾದ್ರೂ ನೆಟ್ಟಗೆ ಆಡ್ತಾರೇನ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಸ ಸೀಸನ್ನಿಗೆ ಮುಂಚೆ ಹಳೇದರ ಲೆಕ್ಕ ಒಂದು ಬಾಕಿ ಇದೆ. ಅದನ್ನು ಬರೆದು ಮುಗಿಸೋಣ ಅಂತ ಕೂತೆ.

ಕಳೆದ ಸೀಸನ್ ನೋಡದವರಿಗೆ ಹೇಳುತ್ತೇನೆ. 22 ಪಂದ್ಯ. ಗೆದ್ದಿದ್ದು 2. ಒಂದು ಟೈ. ಮಿಕ್ಕ 19 ಸೋಲು. ಹನ್ನೆರಡು ಟೀಮುಗಳಲ್ಲಿ ಹನ್ನೆರಡನೇ ಜಾಗ. ನಾನು ಪೀಣ್ಯದಲ್ಲಿ ಕೆಲಸ ಮುಗಿಸಿ, ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಬೆಂದು, ನಾಗರಬಾವಿಯ ಮನೆಗೆ ಬಂದು ಇದನ್ನೇ ನೋಡಿದೆ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ. ಬುಲ್ಸ್‌ನವರ ಘೋಷಣೆ "ಫುಲ್ ಚಾರ್ಜ್ ಮಗಾ". ಎಂಟನೇ ಕ್ಲಾಸಿನ ನನ್ನ ಮಗ, "ಅಪ್ಪ, ಚಾರ್ಜರ್ ಎಲ್ಲಿ ಬಿಟ್ಟು ಬಂದ್ರಂತೆ?" ಅಂತ ಕೇಳಿ ರೂಮಿಗೆ ಹೋದವನು ಆಮೇಲೆ ಹಾಲಿಗೆ ಬರಲೇ ಇಲ್ಲ. ಹೆಂಡತಿಯದು ಬೇರೆ ಥರ. ಅಡುಗೆಮನೆಯಿಂದಲೇ ಕೇಳುತ್ತಿದ್ದಳು: "ಮುದ್ದೆ ಹಾಕ್ಲಾ, ಇಲ್ಲ ಇನ್ನೂ ಸೋಲೋದಿದೆಯಾ?"

ಈ ಸೋಲಿಗೆಲ್ಲ ಒಬ್ಬ ಆರೋಪಿ ಬೇಕಿತ್ತು. ಸಿಕ್ಕಿದ. ಪರ್ದೀಪ್ ನರ್ವಾಲ್.

ಪರ್ದೀಪ್ ಯಾರು ಅಂತ ಕಬಡ್ಡಿ ನೋಡುವವರಿಗೆ ಹೇಳಬೇಕಿಲ್ಲ. ಹರಿಯಾಣದ ಹುಡುಗ. 2015ರಲ್ಲಿ, ಎರಡನೇ ಸೀಸನ್ನಿನಲ್ಲಿ, ಮೊದಲು ಆಡಿದ್ದು ನಮ್ಮ ಬುಲ್ಸ್‌ಗೇ. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಿಟ್ಟುಕೊಟ್ಟರು. ಪಟ್ನಾ ಪೈರೇಟ್ಸ್ ಟೀಮಿಗೆ ಹೋದ. ಅಲ್ಲಿ ಸಾಲಾಗಿ ಮೂರು ಸಲ ಕಪ್ ಗೆಲ್ಲಿಸಿದ. ಐದನೇ ಸೀಸನ್ ಒಂದರಲ್ಲೇ 369 ರೈಡ್ ಪಾಯಿಂಟ್, ಅಂದರೆ ಎದುರಾಳಿ ಅಂಗಳಕ್ಕೆ ನುಗ್ಗಿ ತಂದ ಪಾಯಿಂಟ್. ಆ ಸೀಸನ್ನಿನ ಹರಿಯಾಣ ಸ್ಟೀಲರ್ಸ್ ಪಂದ್ಯ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಒಬ್ಬನೇ 34 ಪಾಯಿಂಟ್. ಅದರಲ್ಲಿ ಒಂದು ರೈಡಿಗೆ 8. ಅಂಗಳದಲ್ಲಿದ್ದ ಆರೂ ಜನರನ್ನು ಔಟ್ ಮಾಡಿದ. ಇಡೀ ಟೀಮು ಖಾಲಿಯಾದ ಆಲೌಟ್‌ದು ಮೇಲೆ ಎರಡು. ಮಾವ ಆವತ್ತು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಮನೆಯಲ್ಲಿ ಮದುವೆ ಮಾತುಕತೆ ನಡೆಯುತ್ತಿತ್ತು, ಹೆಣ್ಣಿನ ಕಡೆಯವರೂ ಎದ್ದು ನಿಂತರು, ಏನಾಯ್ತೋ ಅಂತ.

ಅವನಿಗೆ ಹೆಸರು ತಂದ ಪಟ್ಟು ಡುಬ್ಕಿ. ಅದು ಹೀಗೆ. ಡಿಫೆಂಡರ್‌ಗಳು ಕೈಕೈ ಹಿಡಿದು ಸುತ್ತುಗಟ್ಟಿಕೊಂಡು ಬರುತ್ತಾರೆ. ಬೇರೆ ರೈಡರ್ ಆದರೆ ಪಕ್ಕಕ್ಕೆ ಓಡುತ್ತಾನೆ, ಇಲ್ಲವಾದರೆ ಪವನ್ ಸೆಹ್ರಾವತ್ ಥರ ಮೇಲಿಂದ ಹಾರುತ್ತಾನೆ. ಇವನು ಕುಸಿಯುತ್ತಾನೆ. ಹಿಡಿದ ಕೈಗಳ ಕೆಳಗೆ ತಲೆ ತೂರಿಸಿ, ಆ ಕಡೆ ಎದ್ದು, ಮಿಡ್‌ಲೈನಿಗೆ ಕೈ ಚಾಚುತ್ತಾನೆ. ಕಣ್ಣು ಮಿಟುಕಿಸಿದರೆ ಆಟ ಮುಗಿದಿರುತ್ತದೆ. ನೋಡುವವರಿಗೆ ಇದು ಬೆನ್ನಿನ ಆಟ ಅನ್ನಿಸುತ್ತದೆ. ಅಲ್ಲ. ಪೂರಾ ಮೊಣಕಾಲಿನ ಆಟ. ಅಷ್ಟು ಕೆಳಗೆ ಕೂತು, ಕೂತಲ್ಲಿಂದಲೇ ಮುಂದಕ್ಕೆ ಚಿಮ್ಮಬೇಕು. ಚಿಮ್ಮುವುದು ಒಂದು ಗುಲಗಂಜಿಯಷ್ಟು ತಡವಾದರೂ ನಾಲ್ಕು ಜನ ಬೆನ್ನ ಮೇಲೆ.

ವರ್ಷ ಕಳೆದ ಹಾಗೆ ಎದುರಾಳಿಗಳೂ ಕಲಿತರು. ಅವನ ಎದುರು ಕೈ ಹಿಡಿಯುವುದನ್ನೇ ಕಡಿಮೆ ಮಾಡಿದರು. ಕೈ ಹಿಡಿಯದಿದ್ದರೆ ತೂರುವುದೆಲ್ಲಿಂದ? ಬಗ್ಗಿದ ತಕ್ಷಣ ಮೇಲೆ ಬೀಳುವುದು, ಅಷ್ಟೇ. ಪಟ್ನಾ ಆದಮೇಲೆ ಸೇರಿದ ಯುಪಿ ಯೋಧಾ ಟೀಮಿನಲ್ಲಿ, ಅಲ್ಲಿನ ಕೊನೆಯ ವರ್ಷದಲ್ಲೇ ಅವನು ಇಳಿಮುಖ ಅನ್ನೋದು ಕಾಣುತ್ತಿತ್ತು. ಹೀಗಿದ್ದೂ 2024ರ ಹರಾಜಿನಲ್ಲಿ ನಮ್ಮವರು 70 ಲಕ್ಷ ಕೊಟ್ಟು ಕರೆತಂದರು. ಪೋಸ್ಟರಿನಲ್ಲಿ ಅವನದೇ ಮುಖ. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ.

ಹೈದರಾಬಾದಿನಲ್ಲಿ ಮೊದಲ ಪಂದ್ಯ, ತೆಲುಗು ಟೈಟಾನ್ಸ್ ಎದುರು. 37-29ಕ್ಕೆ ಸೋತೆವು. ಎದುರುಗಡೆ ಇದ್ದದ್ದು ಯಾರು? ನಮ್ಮದೇ ಪವನ್. 2019ರ ಜನವರಿಯಲ್ಲಿ ಫೈನಲ್‌ನಲ್ಲಿ 22 ಪಾಯಿಂಟ್ ತಂದು ಬುಲ್ಸ್‌ಗೆ ಇರುವ ಒಂದೇ ಒಂದು ಕಪ್ ಕೊಡಿಸಿದವನು. ಅಲ್ಲಿಂದ ಸೋಲಿನ ಮೇಲೆ ಸೋಲು. ನವೆಂಬರ್‌ನ ಒಂದು ರಾತ್ರಿ, ಪರ್ದೀಪ್ ಬಗ್ಗಿ ಏಳಲಾಗದೆ ಹಾಗೇ ಮ್ಯಾಟ್ ಮೇಲೆ ಮಲಗಿದ್ದನ್ನು ನೋಡಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಾನು ಬರೆದೆ: "ಯಾರಾದರೂ ನಾಡಕಚೇರಿಗೆ ಕರ್ಕೊಂಡು ಹೋಗಿ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿಸ್ರಪ್ಪ." ಹದಿನಾಲ್ಕು ಜನ ನಗುವ ಮುಖ ಹಾಕಿದರು. ನನಗೂ ಖುಷಿಯಾಯಿತು. ಆಗ ಅವನಿಗೆ 27 ವರ್ಷ.

ಈ ವರ್ಷ ಮೇ ಕೊನೆಗೆ, ಜೂನ್ ಮೊದಲಿಗೆ ಹರಾಜು ನಡೆಯಿತು. ಪರ್ದೀಪ್ ಹೆಸರು ಬಂತು. ಒಬ್ಬರೂ ಕೂಗಲಿಲ್ಲ. 1801 ರೈಡ್ ಪಾಯಿಂಟ್. ಲೀಗಿನ ಚರಿತ್ರೆಯಲ್ಲಿ ಅಷ್ಟು ತಂದವರು ಇನ್ನೊಬ್ಬರಿಲ್ಲ. ಆದರೂ ಒಂದೂ ಟೀಮು ಕೈ ಎತ್ತಲಿಲ್ಲ. ಅದಾದ ಮೇಲೆ ಅವನು ನಿವೃತ್ತಿ ಹೇಳಿದ. ನಮ್ಮ ಊರಿನಲ್ಲಿ ಆ ಸುದ್ದಿ ಯಾರಿಗೂ ಬೇಕಿರಲಿಲ್ಲ. ಜೂನ್ 3ಕ್ಕೆ ಆರ್‌ಸಿಬಿ ಕಪ್ ಗೆದ್ದಿತು. ಮಾರನೇ ದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆಮೇಲೆ ಯಾವ ಆಟದ ಬಗ್ಗೆ ಮಾತಾಡುವುದಕ್ಕೂ ಬಾಯಿ ಬರಲಿಲ್ಲ.

ಜುಲೈನಲ್ಲಿ ಒಂದು ದಿನ ಮೆಟ್ಟಿಲು ಇಳಿಯುವಾಗ ನನ್ನ ಎಡ ಮೊಣಕಾಲು ಲಟಕ್ ಅಂತು. ಆಗ ನೆನಪಾಯಿತು.

2006. ಊರ ಹಬ್ಬಕ್ಕೆ ಪಕ್ಕದ ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಮೊದಲ ಬಹುಮಾನ ಒಂದು ಟಗರು. ನಾನು ಲೆಫ್ಟ್ ಕಾರ್ನರ್, ಎಡ ತುದಿಯಲ್ಲಿ ನಿಂತು ರೈಡರ್ ಕಾಲು ಹಿಡಿಯುವವನು. ನಾಲ್ಕು ಊರಿನಲ್ಲಿ ನನಗೆ ಹೆಸರಿತ್ತು: ಕಾಲು ಇಟ್ಟರೆ ಹಿಡಿದೇ ಹಿಡಿಯುತ್ತಾನೆ ಅಂತ. ಆದರೆ ಎರಡು ವರ್ಷದ ಹಿಂದೆ ಮೊಣಕಾಲು ತಿರುಚಿಕೊಂಡಿತ್ತು. ಆಡುವುದೇ ಬಿಟ್ಟಿದ್ದೆ. ನಮ್ಮ ಹುಡುಗರು ಬಿಡಲಿಲ್ಲ. "ನೀನು ಸುಮ್ನೆ ನಿಂತ್ಕೊ ಸಾಕು ಕಣ್ಲಾ, ನೋಡೇ ಹೆದರ್ತಾರೆ" ಅಂದರು. ನಿಂತುಕೊಂಡೆ.

ಮೊದಲ ರೈಡಿಗೆ ಬಂದವನು ಬೋನಸ್ ಪಾಯಿಂಟಿಗೆ ಗೆರೆಯಾಚೆ ಕಾಲು ಚಾಚಿದ. ನನಗೆ ಕಂಡಿತು. ಕಾಲು ಯಾವಾಗ ಬರುತ್ತದೆ, ಎಲ್ಲಿ ಊರುತ್ತದೆ ಅನ್ನುವುದು ಅವನಿಗಿಂತ ಮುಂಚೆ ನನಗೆ ಗೊತ್ತಾಗಿತ್ತು. ಕೈ ಹಾಕಿದೆ. ಅಲ್ಲಿ ಕಾಲು ಇರಲಿಲ್ಲ, ಮಣ್ಣು ಇತ್ತು. ಹೀಗೆ ನಾಲ್ಕು ಸಲ. ಇದನ್ನು ಆಡದವರಿಗೆ ಹೇಗೆ ಹೇಳಲಿ? ತಲೆ ಪೂರಾ ಸರಿ ಇರುತ್ತದೆ. ಲೆಕ್ಕ ತಪ್ಪಿರುವುದಿಲ್ಲ. ಮೈ ಮಾತ್ರ ಹಳೇ ಡೀಸೆಲ್ ಗಾಡಿ ಥರ, ಕೀ ತಿರುಗಿಸಿದ ಮೇಲೆ ಒಂದು ಕ್ಷಣ ಯೋಚನೆ ಮಾಡುತ್ತದೆ. ಜನ "ಮನಸ್ಸಿಟ್ಟು ಆಡ್ಲಾ!" ಅಂತ ಕೂಗುತ್ತಿದ್ದರು. ಮನಸ್ಸೊಂದೇ ಸರಿಯಾಗಿ ಆಡುತ್ತಿದ್ದದ್ದು.

ಟಗರು ಪಕ್ಕದ ಊರಿಗೆ ಹೋಯಿತು. ರಾತ್ರಿ ಮಾವ ತಮ್ಮ ಟಿವಿಎಸ್‌ನಲ್ಲಿ ಹಿಂದೆ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಮಾತಿಲ್ಲ. ನಾಲೆ ಏರಿ ಮೇಲೆ ಬಂದಾಗ ಗಾಡಿ ನಿಧಾನ ಮಾಡಿ ಹೇಳಿದರು: "ಟಗರು ಹೋದ್ರೆ ಹೋಗ್ಲಿ. ನಿನ್ನ ಯಾಕ್ಲಾ ಇಳಿಸಿದ್ರು?"

ಈಗ ಅದೇ ಪ್ರಶ್ನೆಯನ್ನು ಬುಲ್ಸ್‌ಗೆ ಕೇಳುತ್ತೇನೆ. ಹತ್ತೊಂಬತ್ತು ಸೋಲನ್ನು ಒಬ್ಬ ರೈಡರ್ ತರುವುದಕ್ಕೆ ಆಗುವುದಿಲ್ಲ. ಏಳು ಜನರ ಆಟ ಇದು. ಕಾರ್ನರ್ ಮುಂದೆ ನುಗ್ಗಿದರೆ, ನೆರವಿಗೆ ಬರಬೇಕಾದ ಕವರ್‌ ಡಿಫೆಂಡರ್‌ಗಳು ನಿಂತು ನೋಡುತ್ತಿದ್ದರು. ರೈಡರ್ ಆಚೆ ಹೋದ ಮೇಲೆ ಎಲ್ಲರೂ ಒಟ್ಟಿಗೆ ಬೀಳುತ್ತಿದ್ದರು, ನಮ್ಮ ಬೀದಿಯಲ್ಲಿ ಕಳ್ಳ ಹೋದ ಮೇಲೆ ಎಲ್ಲರ ಮನೆ ಲೈಟ್ ಹತ್ತುವ ಹಾಗೆ. ಒಂಬತ್ತನೇ ಸೀಸನ್ನಿನಲ್ಲಿ ಟೀಮನ್ನು ಹೊತ್ತಿದ್ದ ಭರತ್ ಹೂಡಾನನ್ನು ಬಿಟ್ಟುಬಿಟ್ಟರು. ಭರತ್ ಜಾಗಕ್ಕೆ ಒಂದು ಹೆಸರು ತಂದರು. ಇದು ಹೊಸದಲ್ಲ. ಅದಕ್ಕೂ ಮುಂಚೆ ವಿಕಾಸ್ ಕಂಡೋಲಾಗೆ 1.70 ಕೋಟಿ ಕೊಟ್ಟಿದ್ದರು. ಹರಿಯಾಣದಲ್ಲಿ ಮಿಂಚಿದ್ದ ಹುಡುಗ, ಇಲ್ಲಿ ಮಂಕಾದ. ಅವನನ್ನೂ ಬೈದಿದ್ದೇವೆ.

ಇನ್ನೂ ಅನುಮಾನ ಇದ್ದರೆ ಪವನ್‌ನ ಲೆಕ್ಕ ನೋಡಿ. ಹತ್ತನೇ ಸೀಸನ್ನಿಗೆ ಟೈಟಾನ್ಸ್‌ನವರು ಅವನಿಗೆ ಎರಡೂವರೆ ಕೋಟಿಗೂ ಜಾಸ್ತಿ ಕೊಟ್ಟರು. ಪವನ್ ಆಗ ಮುದುಕನೂ ಅಲ್ಲ, ಸೋತವನೂ ಅಲ್ಲ. ಚೆನ್ನಾಗೇ ಆಡಿದ. ಟೈಟಾನ್ಸ್ ಗೆದ್ದಿದ್ದು 22ರಲ್ಲಿ 2. ಕೊನೇ ಜಾಗ. ಮುಂದಿನ ವರ್ಷ ಪರ್ದೀಪ್ ಜೊತೆ ನಾವು ಗೆದ್ದಿದ್ದೂ 22ರಲ್ಲಿ 2. ಒಬ್ಬ ಫಾರ್ಮಿನಲ್ಲಿ ಇದ್ದವನು, ಇನ್ನೊಬ್ಬ ಇಲ್ಲದವನು. ಫಲ ಒಂದೇ.

ಇನ್ನೊಂದು ಹೊಟ್ಟೆಯುರಿ. ಕಳೆದ ಸೀಸನ್ ನಡೆದದ್ದು ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ. ಈ ಸಲವೂ ಬೆಂಗಳೂರು ಪಟ್ಟಿಯಲ್ಲಿ ಇಲ್ಲ. ಕಂಠೀರವ ಒಳಾಂಗಣದಲ್ಲಿ ಕೊನೆಗೆ ನೋಡಿದ್ದು 2023ರ ಡಿಸೆಂಬರ್‌ನಲ್ಲಿ. ಅಲ್ಲಿ ಆಟ ಇದ್ದರೆ ಮಾವನನ್ನು ಮೆಟ್ರೋದಲ್ಲಿ ಕರೆದುಕೊಂಡು ಹೋಗಬಹುದಿತ್ತು. ಸೋತರೂ ಆಚೆ ಬಂದು ಒಂದು ಪ್ಲೇಟ್ ಬೋಂಡ ತಿಂದು ಬೈಯುವ ಸುಖ ಬೇರೆ.

ಒಳ್ಳೇ ಸುದ್ದಿ ಇಲ್ಲವೇ ಇಲ್ಲ ಅಂತಲ್ಲ. ಮೊದಲ ಸೀಸನ್ನಿನಿಂದ ಇದ್ದ ರಣಧೀರ್ ಸಿಂಗ್ ಜಾಗಕ್ಕೆ ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದಿದ್ದಾರೆ. ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಲಿಸಿದವರು, ಪುಣೆಗೂ ಗೆಲ್ಲಿಸಿದವರು. ಈ ಸಲ ದೊಡ್ಡ ದುಡ್ಡು ಹಾಕಿರುವುದು ರೈಡರ್‌ಗಲ್ಲ, ಯೋಗೇಶ್ ಅನ್ನುವ ಡಿಫೆಂಡರ್‌ಗೆ. ಒಂದು ಕೋಟಿಗೂ ಮಿಕ್ಕಿ. ಕಾರ್ನರ್‌ನಲ್ಲಿ ನಿಂತವನಾಗಿ ನನಗೆ ಇದು ಇಷ್ಟವಾಯಿತು. ಗೆಲ್ಲುತ್ತಾರಾ? ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದೆಲ್ಲ ಕಳೆದ ವರ್ಷ ಉಲ್ಟಾ ಹೊಡೆದಿದೆ.

ಗ್ರೂಪಿನಲ್ಲಿ ನನ್ನ ಆ ಪಿಂಚಣಿ ಮೆಸೇಜ್ ಇನ್ನೂ ಇದೆ. ಎಲ್ಲರ ಫೋನಿನಿಂದ ಅಳಿಸುವ ಸಮಯ ಮೀರಿಹೋಗಿದೆ.

ನಿನ್ನೆ ರಾತ್ರಿ ಮಾವ ಮತ್ತೆ ಫೋನ್ ಮಾಡಿದ್ದರು. ಇದು ಮೂರನೇ ಸಲ.

"ಆ ಬಗ್ಗಿ ನುಗ್ಗೋ ಹುಡ್ಗ ಈ ಸಲ ಯಾವ ಟೀಮ್ಲಾ?"

"ಯಾರೂ ತಗೊಳ್ಳಲಿಲ್ಲ ಮಾವ. ಆಟ ಬಿಟ್ಟ."

ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ಟಿವಿ ಸದ್ದು. "ವಯಸ್ಸೆಷ್ಟು ಅವನ್ಗೆ?"

"ಇಪ್ಪತ್ತೆಂಟು."

"ಹೂಂ" ಅಂದರು. ಆಮೇಲೆ ಶುಕ್ರವಾರದ ಆಟ ಎಷ್ಟು ಗಂಟೆಗೆ ಅಂತ ಕೇಳಿದರು. ರಾತ್ರಿ ಒಂಬತ್ತಕ್ಕೆ ಅಂದೆ. ಹಾಗಾದರೆ ಎಂಟಕ್ಕೇ ಊಟ ಮುಗಿಸಿಬಿಡೋಣ, ನಿನ್ನ ಹೆಂಡತಿಗೆ ಈಗಲೇ ಹೇಳಿಡು ಅಂದರು. ಬರುವಾಗ ನನ್ನ ಮೊಣಕಾಲಿಗೆ ಹರಳೆಣ್ಣೆ ತರುತ್ತಾರಂತೆ.