ಕತ್ತರಿಗೆ ಸಿಗದ ಕೊಂಬೆ

ಅಟ್ಲಾಂಟಾದಲ್ಲಿ ಏಪ್ರಿಲ್ ಬಂತು ಅಂದ್ರೆ ಬೀದಿ ತುಂಬ ಅಜೇಲಿಯಾ ಹೂವು. ನಮ್ಮ ಗಿಡದಲ್ಲಿ ಮಾತ್ರ ಈ ಸಲ ಬರೀ ಹಸಿರೆಲೆ.

ಇವತ್ತು ಬೆಳಿಗ್ಗೆ ಬುಡಕ್ಕೆ ಒಣಗಿದ ಪೈನ್ ಎಲೆ ಹರಡೋಣ ಅಂತ ಬಗ್ಗಿದೆ. ಗೋಡೆ ಕಡೆಯ ಒಂದೇ ಒಂದು ಕೊಂಬೆಯಲ್ಲಿ ಹನ್ನೊಂದು ಹೂವು! ಕಡು ಗುಲಾಬಿ ಬಣ್ಣ. ಎರಡು ಸಲ ಎಣಿಸಿದೆ.

ಹೋದ ಸೆಪ್ಟೆಂಬರಿನಲ್ಲಿ ಗಿಡ ಚೆಂದ ಕಾಣಲಿ ಅಂತ ಸುತ್ತಲೂ ಕತ್ತರಿಸಿದ್ದೆ. ಈ ಕೊಂಬೆಗೆ ಕತ್ತರಿ ಎಟುಕಿರಲಿಲ್ಲ. ಅಜೇಲಿಯಾ ಮುಂದಿನ ವಸಂತದ ಮೊಗ್ಗನ್ನು ಬೇಸಿಗೆಯಲ್ಲೇ ಕಟ್ಟಿಟ್ಟುಕೊಂಡಿರುತ್ತದೆ. ಸವರುವುದಿದ್ದರೆ ಹೂವು ಬಾಡಿದ ಕೂಡಲೇ ಸವರಬೇಕು. ಪಾಪ, ಎಷ್ಟು ಮೊಗ್ಗು ಎಸೆದೆನೋ.

ಅಮ್ಮನಿಗೆ ಫೋಟೋ ಕಳಿಸಿದೆ. "ದೇವರಿಗೆ ಒಂದಾದರೂ ಇಡೇ" ಅಂದರು.

ಕೀಳೋದಕ್ಕೆ ಕೈಯೇ ಬರುತ್ತಿಲ್ಲ.